ಕರಿಮರಳಿನ ಕಬ್ಬಿಣ, ಕಾವಲಿನ ಆಕಾಶ

ಮೈಸೂರಿನ ರಾಕೆಟ್ಟುಗಳ ಮಾತು ಬಂದಾಗಲೆಲ್ಲ ಶ್ರೀರಂಗಪಟ್ಟಣದ ಹೆಸರು ಬರುತ್ತದೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳನ್ನು ನೆನೆಯುವವರು ಕಡಿಮೆ. ನೆನೆಯಲೇಬೇಕಾದ ಸೀಮೆ ಇದು.

1761ರಲ್ಲಿ ಹೈದರಾಬಾದಿನ ನಿಜಾಮನ ಸೋದರ ಬಸಾಲತ್ ಜಂಗ್ ಹೈದರಾಲಿಗೆ ಕೊಟ್ಟದ್ದು ಶಿರಾದ ನವಾಬ ಪದವಿ. ಎರಡು ವರ್ಷದಲ್ಲಿ ಕೆಳದಿಯ ರಾಜಧಾನಿ ಬಿದನೂರೂ ಅವನ ಕೈಸೇರಿತು. ಸೋತ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯಲ್ಲಿ. 1767ರಲ್ಲಿ ಪೇಶ್ವೆ ಮಾಧವರಾಯ ಕೋಟೆ ಹಿಡಿದ ಮೇಲೆ ಆಕೆಗೆ ಬಿಡುಗಡೆಯಾಯಿತು. ಆಕೆ ಕಳೆದುಕೊಂಡ ಬಿದನೂರು ಹೈದರ್ ನಗರವಾಗಿ, ಬರಿಯ ನಗರವಾಗಿ ಉಳಿಯಿತು. 2018ರ ಜುಲೈನಲ್ಲಿ ಅಲ್ಲಿನ ಹಳೆಯ ಬಾವಿಯೊಂದರಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು.

ಮೈಸೂರಿನ ಹೆಚ್ಚುಗಾರಿಕೆ ಇದ್ದದ್ದು ಆ ಕಬ್ಬಿಣದಲ್ಲೇ. ಅಗ್ನಿಬಾಣ ಲೋಕಕ್ಕೆ ಹೊಸದಲ್ಲ; ಚೀನಾದಲ್ಲಿ ಶತಮಾನಗಳ ಹಿಂದೆಯೇ ಇತ್ತು. ಆದರೆ ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಗಿಡಿದು ತುಂಬಿದರೆ ಕೊಳವೆಯೇ ಸಿಡಿದುಹೋಗುತ್ತದೆ. ಕಬ್ಬಿಣದ ನಳಿಗೆ ಒಳಗಿನ ಒತ್ತಡವನ್ನು ತಾಳಿಕೊಳ್ಳುತ್ತದೆ. ಉರಿದ ಅನಿಲ ಹಿಂಬದಿಯ ಕಿರುಬಾಯಿಂದ ರಭಸವಾಗಿ ನುಗ್ಗಿ ನಳಿಗೆಯನ್ನು ಮುಂದಕ್ಕೆ ತಳ್ಳುತ್ತದೆ. ಜೊತೆಗೆ ಕಟ್ಟಿದ ಬಿದಿರ ಗಳು ದಿಕ್ಕು ಕಾಯುತ್ತಿತ್ತು.

ಇಂಥ ನಳಿಗೆಗೆ ಕಬ್ಬಿಣ ಬಲ್ಲ ಕೈಗಳು ನಾಡಿನಲ್ಲಿರಬೇಕು. ಇದ್ದವು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಸಮೀಕ್ಷೆಗೆ ಹೊರಟ ಫ್ರಾನ್ಸಿಸ್ ಬುಕಾನನ್ ಮಧುಗಿರಿ, ಚನ್ನರಾಯನದುರ್ಗಗಳ ಸೀಮೆಯಲ್ಲಿ ಮಳೆನೀರು ತಂದ ಕರಿಮರಳನ್ನು ಇದ್ದಿಲ ಕುಲುಮೆಯಲ್ಲಿ ಕರಗಿಸಿ ಕಬ್ಬಿಣ ತೆಗೆಯುವುದನ್ನೂ ಉಕ್ಕು ಮಾಡುವುದನ್ನೂ ಬರೆದಿಟ್ಟಿದ್ದಾನೆ. ಸೇನಾಪತಿಗಳ ಹೆಸರು ಮಕ್ಕಳ ಬಾಯಲ್ಲಿದೆ. ತಿದಿ ಒತ್ತಿದವರದು ಎಲ್ಲೂ ಇಲ್ಲ. ನಮ್ಮ ಯುದ್ಧಚರಿತ್ರೆಯ ದೊಡ್ಡ ಕೊರತೆ ಇದೇ ಎಂದು ನನ್ನ ಎಣಿಕೆ.

ಉಳಿದದ್ದು ಬಹುಮಂದಿ ಬಲ್ಲ ಕಥೆ. 1780ರಲ್ಲಿ ಪೊಳ್ಳಿಲೂರಿನಲ್ಲಿ ಈ ರಾಕೆಟ್ಟುಗಳ ಎದುರು ಇಂಗ್ಲಿಷ್ ಸೇನಾನಿ ಬೆಯ್ಲಿಯ ಪಡೆ ನುಚ್ಚುನೂರಾಯಿತು. 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆಯ ತೋಪಿನೊಳಗೆ, ಕಗ್ಗತ್ತಲಲ್ಲಿ, ಆರ್ಥರ್ ವೆಲ್ಲೆಸ್ಲಿಯೂ ಅವುಗಳೆದುರು ಹಿಮ್ಮೆಟ್ಟಬೇಕಾಯಿತು. ಇಲ್ಲಿಂದ ಒಯ್ದ ರಾಕೆಟ್ಟುಗಳ ಜಾಡಿನಲ್ಲೇ ಇಂಗ್ಲೆಂಡಿನ ವಿಲಿಯಂ ಕಾಂಗ್ರೀವ್ ತನ್ನವನ್ನು ರೂಪಿಸಿದ. 1807ರಲ್ಲಿ ಅವು ಕೋಪನ್‌ಹೇಗನ್ನಿನ ಮೇಲೆ ಬಿದ್ದವು. ಅಮೆರಿಕದ ವ್ಯಾಲಪ್ಸ್ ರಾಕೆಟ್ ಕೇಂದ್ರದ ಗೋಡೆಯಲ್ಲಿ ಮೈಸೂರು ರಾಕೆಟ್ಟುಗಳ ಚಿತ್ರ ಕಂಡು ಹಿಗ್ಗಿದವರು ತರುಣ ಅಬ್ದುಲ್ ಕಲಾಂ.

ಆಕಾಶದ ಆ ನಂಟು ಈ ಸೀಮೆಗೆ ಮತ್ತೆ ಬಂದಿದೆ: ಪಾವಗಡಕ್ಕೆ ತಾಗಿದ ಚಳ್ಳಕೆರೆಯಲ್ಲಿ ಈಗ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರವಿದೆ. 2017ರಲ್ಲಿ ಉದ್ಘಾಟನೆಯಾಯಿತು. 2022ರ ಜುಲೈ 1ರಂದು ಬಾಲವಿಲ್ಲದ, ರೆಕ್ಕೆಯೇ ಮೈಯಾದ ಪೈಲಟ್‌ರಹಿತ ವಿಮಾನ ಅಲ್ಲಿ ಮೊದಲ ಬಾರಿಗೆ ಹಾರಿ ತಾನೇ ಇಳಿಯಿತು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟ ಇಸ್ರೋದ ರೆಕ್ಕೆಯ ವಾಹನವೂ ಅದೇ ರನ್‌ವೇಯಲ್ಲಿ ನೆಲ ಮುಟ್ಟಿತು.

ಆ ನೆಲ ಅಮೃತ ಮಹಲ್ ಕಾವಲು. ಹೈದರ್, ಟಿಪ್ಪುವಿನ ಫಿರಂಗಿಗಳನ್ನು ಎಳೆದ ಎತ್ತುಗಳ ತಳಿಗೆ ಮೀಸಲಾಗಿದ್ದ ಹುಲ್ಲುಗಾವಲು. ಬೇಲಿ ಎದ್ದಾಗ ಕುರಿ, ದನ ಮೇಯಿಸುವವರು ಬೀದಿಗಿಳಿದರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ದೇಶಕ್ಕೆ ವಿಮಾನ ಬೇಕು, ನಿಜ. ಉಳಿದ ಕಾವಲನ್ನಾದರೂ ದನಕುರಿಗಳಿಗೆ ಬಿಡಬೇಕು. ಹಾಗೆಯೇ ಶಿರಾ ಕೋಟೆಯಲ್ಲೂ ಮಧುಗಿರಿ ಬೆಟ್ಟದ ಬುಡದಲ್ಲೂ ಪುರಾತತ್ವ ಇಲಾಖೆ ನಗರದ ಒಂದೊಂದು ರಾಕೆಟ್ ತಂದಿಟ್ಟು, ಕರಿಮರಳಿನ ಕಬ್ಬಿಣದ ಕಸುಬನ್ನು ಪಕ್ಕದಲ್ಲೇ ಬರೆಸಲಿ.