ಮೂಲವ್ಯಾಧಿಯೂ ಲೇಸರ್ ಕಿರಣವೂ

ಮೂಲವ್ಯಾಧಿಯನ್ನು ಬಾಯಿಬಿಟ್ಟು ಹೇಳಲು ನಾಚಿ, ವರ್ಷಗಟ್ಟಲೆ ಮರೆಮಾಚಿ ನರಳುವ ಗೃಹಸ್ಥರೂ ಗೃಹಿಣಿಯರೂ ನಮ್ಮಲ್ಲಿ ಬಹುಮಂದಿ. ನಾಚಿಕೆಯೊಡನೆ ಶಸ್ತ್ರದ ಭಯವೂ ಕೂಡಿಕೊಳ್ಳುವುದು.

1960ರಲ್ಲಿ ಅಮೆರಿಕೆಯ ಮೈಮನ್ ಎಂಬ ವಿಜ್ಞಾನಿಯು ಮೊತ್ತಮೊದಲು ಸಾಧಿಸಿ ತೋರಿದ ಲೇಸರ್ ಕಿರಣವು ಈಗ ಆ ಭಯವನ್ನು ತಗ್ಗಿಸಿರುವುದು. ವೈದ್ಯರು ಅರಿವಳಿಕೆಯನ್ನು ಕೊಟ್ಟು, ಸಣ್ಣ ಎಳೆಯೊಂದನ್ನು ಮೊಳೆಯೊಳಕ್ಕೆ ತೂರಿಸಿ ಕಿರಣವನ್ನು ಹಾಯಿಸುವರು. ಅದರ ಕಾವಿಗೆ ಮೊಳೆಯು ಕ್ರಮೇಣ ಕುಗ್ಗುವುದು. ಕೊಯ್ದು ತೆಗೆಯುವುದಕ್ಕಿಂತ ಇದರಲ್ಲಿ ನೋವು ಕಡಿಮೆ. ಆದರೆ ವ್ಯಾಧಿಯು ಮರುಕಳಿಸುವುದೂ ಉಂಟು.

ಮಲದೊಡನೆ ಬೀಳುವ ರಕ್ತವೆಲ್ಲವೂ ಮೂಲವ್ಯಾಧಿಯದೆಂದು ಬಗೆಯಲಾಗದು. ಕರುಳಿನ ಕ್ಯಾನ್ಸರಿಗೂ ಅದೇ ಲಕ್ಷಣವಿರಬಹುದು. ಆದುದರಿಂದ ಕಿರಣಕ್ಕಿಂತ ಮೊದಲು ಪರೀಕ್ಷೆಯಾಗಬೇಕು. ಮನೆಯಲ್ಲಿ ಅಂತಹ ರೋಗಿಗಳಿದ್ದರೆ ಸಂಕೋಚವನ್ನು ತೊರೆದು ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂದು ವಾಚಕರನ್ನು ನಾವು ಪ್ರಾರ್ಥಿಸುತ್ತೇವೆ.