ಬೆಂಕಿ ಆರಿದ ಮೇಲೆ

ಪ್ರತಿವರ್ಷ ಏಪ್ರಿಲ್ ೧೪ರಂದು ದೇಶದ ಅಗ್ನಿಶಾಮಕ ಠಾಣೆಗಳಲ್ಲಿ ಹುತಾತ್ಮರಿಗೆ ಗೌರವ ಸಲ್ಲಿಸಲಾಗುತ್ತದೆ. ೧೯೪೪ರ ಅದೇ ದಿನ ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ನಿಂತಿದ್ದ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಬಿದ್ದಿತು. ಹತ್ತಿಯ ಮೂಟೆಗಳ ಜೊತೆಗೆ ಸ್ಫೋಟಕಗಳನ್ನೂ ಹೊತ್ತಿದ್ದ ಆ ಹಡಗು ಸಿಡಿದು, ಬೆಂಕಿ ನಂದಿಸಲು ಹೋದ ೬೬ ಮಂದಿ ಅಗ್ನಿಶಾಮಕರು ಪ್ರಾಣ ತೆತ್ತರು. ಮಡಿದವರನ್ನು ಸ್ಮರಿಸುವುದು ಉಚಿತವೇ ಸರಿ. ಆದರೆ ಇಂಥ ಕೆಲಸದಿಂದ ಬದುಕಿ ಮನೆಗೆ ಮರಳಿದವರು ಮನಸ್ಸಿನಲ್ಲಿ ಏನನ್ನು ಹೊತ್ತು ಬರುತ್ತಾರೆ ಎಂದು ನಾವು ಕೇಳುವುದು ಅಪರೂಪ.

೧೯೮೧ರ ಫೆಬ್ರುವರಿ ೭ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ತಗುಲಿ ತೊಂಬತ್ತಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಆಪ್ತರನ್ನು ಕಳೆದುಕೊಂಡವರ ದುಃಖವನ್ನು ನಿಮ್ಹಾನ್ಸ್‌ನ ತಜ್ಞರು ಮುಂದೆ ಅಭ್ಯಸಿಸಿದರು. ಆದರೆ ಆ ಎಳೆಯ ದೇಹಗಳನ್ನು ಹೊರಕ್ಕೆ ಎತ್ತಿ ತಂದ ಕೈಗಳೂ ಇದ್ದವಲ್ಲವೆ? ಅವರಿಗೂ ಮನೆಯಲ್ಲಿ ಅದೇ ವಯಸ್ಸಿನ ಮಕ್ಕಳಿದ್ದಿರಬಹುದು.

ಈ ಬಗೆಯ ನೋವಿಗೆ ವೈದ್ಯಶಾಸ್ತ್ರದಲ್ಲಿ ‘ಆಘಾತೋತ್ತರ ಒತ್ತಡದ ಕಾಯಿಲೆ’ ಎಂಬ ಪ್ರತ್ಯೇಕ ಸ್ಥಾನ ದೊರೆತದ್ದು ೧೯೮೦ರಲ್ಲಿ, ಅಮೆರಿಕದ ಮನೋವೈದ್ಯರ ಪಟ್ಟಿಯಲ್ಲಿ. ಮೂರು ವರ್ಷಗಳ ತರುವಾಯ, ೧೯೮೩ರ ಫೆಬ್ರುವರಿ ೧೬ರಂದು, ಆಸ್ಟ್ರೇಲಿಯಾದ ದಕ್ಷಿಣ ಭಾಗದಲ್ಲಿ ಕಾಳ್ಗಿಚ್ಚೆದ್ದು ೭೫ ಮಂದಿ ಅಸುನೀಗಿದರು. ಆ ಬೆಂಕಿಯೊಡನೆ ಸೆಣಸಿದ ೪೬೯ ಮಂದಿ ಸ್ವಯಂಸೇವಕರನ್ನು ಅಲೆಕ್ಸಾಂಡರ್ ಮ್ಯಾಕ್‌ಫಾರ್ಲೇನ್ ಎಂಬ ಮನೋವೈದ್ಯರು ನಾಲ್ಕು, ಹನ್ನೊಂದು ಮತ್ತು ಇಪ್ಪತ್ತೊಂಬತ್ತನೆಯ ತಿಂಗಳುಗಳಲ್ಲಿ ವಿಚಾರಿಸಿ ನೋಡಿದರು. ಕೆಲವರ ನೋವು ತಾನಾಗಿ ಇಳಿದಿತ್ತು. ಕೆಲವರದು ಎರಡು ವರ್ಷ ಕಳೆದರೂ ಇಳಿದಿರಲಿಲ್ಲ. ಮತ್ತೆ ಕೆಲವರು ಮೊದಮೊದಲು ಚೆನ್ನಾಗಿಯೇ ಇದ್ದು, ತಿಂಗಳುಗಳು ಉರುಳಿದ ಮೇಲೆ ಕುಸಿದಿದ್ದರು. ‘ಅಂದೇ ಏನೂ ಆಗಲಿಲ್ಲ, ಈಗೇನು ಬಂತು?’ ಎಂದು ಮನೆಯವರು ಹಂಗಿಸುವುದು ಎಷ್ಟು ಅನ್ಯಾಯವೆಂಬುದು ಇದರಿಂದಲೇ ತಿಳಿಯುತ್ತದೆ.

ಲಕ್ಷಣಗಳನ್ನು ಮೊದಲು ಕಾಣುವವರು ಮನೆಯವರೇ. ನಡುರಾತ್ರಿ ಬೆಚ್ಚಿ ಏಳುವುದು, ಕಣ್ಣೆದುರು ಅದೇ ದೃಶ್ಯ ಮರುಕಳಿಸುವುದು, ಒಲೆಯ ಮೇಲೆ ಏನಾದರೂ ಸೀದ ವಾಸನೆ ಬಂದರೆ ಮುಖ ಬಿಳಿಚುವುದು, ಸಣ್ಣ ಮಾತಿಗೆ ಸಿಡುಕುವುದು, ಘಟನೆ ನಡೆದ ಬೀದಿಯನ್ನೇ ಬಳಸಿ ಹೋಗುವುದು. ನಿದ್ರೆಗೆಂದು ಮದ್ಯಕ್ಕೆ ಮೊರೆಹೊಗುವವರೂ ಉಂಟು. ಮೊದಲ ಕೆಲವು ದಿನ ಇವೆಲ್ಲ ಸಹಜ. ತಿಂಗಳು ದಾಟಿಯೂ ಬಿಡದಿದ್ದರೆ ವೈದ್ಯರನ್ನು ಕಾಣಲೇಬೇಕು. ಅಗ್ನಿಶಾಮಕರಿಗಷ್ಟೇ ಈ ಮಾತಲ್ಲ. ನಮ್ಮ ರಾಜ್ಯದಲ್ಲಿ ೨೦೦೮ರಲ್ಲಿ ಆರಂಭವಾದ ೧೦೮ ಆಂಬುಲೆನ್ಸಿನ ಸಿಬ್ಬಂದಿಗೆ ಹೆದ್ದಾರಿಯ ಅಪಘಾತಗಳು ದಿನನಿತ್ಯದ ನೋಟ.

ದುರಂತ ನಡೆದ ಕೂಡಲೇ ಎಲ್ಲರನ್ನೂ ಕೂಡಿಸಿ ಕಂಡದ್ದನ್ನೆಲ್ಲ ಹೇಳಿಸುವ ಪದ್ಧತಿಯೊಂದು ಕಳೆದ ಶತಮಾನದ ಕೊನೆಯಲ್ಲಿ ಬಹಳ ರೂಢಿಗೆ ಬಂದಿತ್ತು. ಅದರಿಂದ ಕಾಯಿಲೆ ತಪ್ಪುವುದಿಲ್ಲವೆಂದು ಪರೀಕ್ಷೆಗಳಿಂದ ಸಿದ್ಧವಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಬೇಡವೆಂದಿದೆ. ಆದ್ದರಿಂದ ಪಾಳಿ ಮುಗಿಸಿ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ‘ಏನಾಯಿತು, ಎಷ್ಟು ಜನ ಹೋದರು’ ಎಂದು ಕೆದಕಬಾರದು. ಸ್ನಾನಕ್ಕೆ ನೀರು, ಬಿಸಿ ಊಟ, ನಿದ್ರೆಗೆ ನೆಮ್ಮದಿ ಮೊದಲು. ಅವರಾಗಿ ಬಾಯಿಬಿಟ್ಟಾಗ, ಬುದ್ಧಿ ಹೇಳದೆ ಕೇಳಬೇಕು. ಅಂಗಡಿಯಿಂದ ನಿದ್ರೆಮಾತ್ರೆ ತಂದು ನುಂಗಿಸುವುದಂತೂ ಸಲ್ಲದು. ಆ ನೆನಪನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಯಿದೆ. ನುರಿತವರ ಕೈಯಲ್ಲಿ ಅದು ಅನೇಕರಿಗೆ ಗುಣ ನೀಡಿದೆ.

ಚಿಕಿತ್ಸೆಗೆ ಹೋದರೆ ಅಂಜುಬುರುಕನೆಂಬ ಹೆಸರು ಬಂದೀತು, ಬಡ್ತಿ ತಪ್ಪೀತು ಎಂಬ ಭಯ ಸಮವಸ್ತ್ರ ತೊಟ್ಟವರಲ್ಲಿ ಇರುವುದುಂಟು. ಹೊಗೆ ಕುಡಿದು ಶ್ವಾಸಕೋಶ ಕೆಟ್ಟವನನ್ನು ಯಾರೂ ಹಾಗೆ ಕರೆಯುವುದಿಲ್ಲ. ಠಾಣೆಯಲ್ಲಿ ಹೇಳಿಕೊಳ್ಳಲು ಅಳುಕುವವರು ಮನೆಯಿಂದಲೇ ದೂರವಾಣಿ ಮಾಡಬಹುದು. ಕೇಂದ್ರ ಸರ್ಕಾರ ೨೦೨೨ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ ೧೪೪೧೬. ಶುಲ್ಕವಿಲ್ಲ, ಹಗಲಿರುಳೂ ತೆರೆದಿರುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಕಾಯಿಲೆಯವರೇ ಕರೆ ಮಾಡಬೇಕೆಂದಿಲ್ಲ. ಹೆಂಡತಿಯೋ ತಾಯಿಯೋ ಮೊದಲು ವಿಚಾರಿಸಿದರೂ ಆದೀತು.