ವೇಷಧಾರಿಯ ವೀಸಾ

1996ರ ಕೊನೆಗೆ ಕತಾರಿನ ರಾಸ್ ಲಫಾನ್ ಬಂದರಿನಿಂದ ಮೊದಲ ಎಲ್‌ಎನ್‌ಜಿ (ದ್ರವೀಕೃತ ನೈಸರ್ಗಿಕ ಅನಿಲ) ಹಡಗು ಜಪಾನಿನತ್ತ ಹೊರಟಿತು. ಅನಿಲದ ಹಿಂದೆ ಕೆಲಸ ಬಂತು, ಕೆಲಸದ ಹಿಂದೆ ನಮ್ಮವರೂ ಹೋದರು. ಆದರೆ ಊರಿನ ಯಕ್ಷಗಾನ ಮೇಳವೊಂದನ್ನು ಕರೆಸಿ ಅಲ್ಲೇ ಆಟ ಆಡಿಸುತ್ತೇವೆಂದರೆ ಆಗದ ಮಾತು. ದೋಹಾದಿಂದ ಸುಮಾರು 80 ಕಿ.ಮೀ. ಉತ್ತರದ ಆ ಕೈಗಾರಿಕಾ ನಗರಿಗೆ ವೀಸಾ ಇದ್ದವರಿಗೂ ಗೇಟ್ ಪಾಸ್ ಬೇಕು. ಹಾಗಾಗಿ ಕರ್ನಾಟಕ ಸಂಘ, ತುಳು ಕೂಟಗಳ ಕಾರ್ಯಕ್ರಮಗಳು ಹೆಚ್ಚಾಗಿ ದೋಹಾದಲ್ಲೇ.

ಹೊರದೇಶಕ್ಕೆ ಹೊರಟ ಕಲಾವಿದನನ್ನು ನಮ್ಮ ಕಾನೂನು ದುಡಿಮೆಗಾರನೆಂದೇ ಕಂಡಿದೆ. 1922ರ ವಲಸೆ ಕಾಯ್ದೆ ಪ್ರದರ್ಶನ, ಮನರಂಜನೆಗೆ ದುಡಿಯುವವರನ್ನು ಹೋಟೆಲ್ ಮಾಣಿ, ಮನೆಗೆಲಸದವರ ಸಾಲಿನಲ್ಲಿ ಕೂರಿಸಿತು. 1983ರ ಕಾಯ್ದೆ ಆ ಸಾಲಿಗೆ ಸಿನಿಮಾದವರನ್ನೂ ಸೇರಿಸಿತು. ಕಿರೀಟ ಕಟ್ಟಿದವರಿಗೆ ಇದು ಮುಜುಗರವೆನಿಸಬಹುದು, ನನಗಂತೂ ಸರಿಯೆನಿಸುತ್ತದೆ. ಕರೆದೊಯ್ದವರು ಸಂಭಾವನೆ ಕೊಡದೆ ಕೈಬಿಟ್ಟರೆ ಹಕ್ಕಿನಿಂದ ಕೇಳಬಲ್ಲವನು ದುಡಿಮೆಗಾರ, ಅತಿಥಿಯಲ್ಲ.

ಕತಾರಿನ ಕಾನೂನೂ ಬಂದವನ ಉದ್ದೇಶವನ್ನೇ ಹಿಡಿದು ನೋಡುತ್ತದೆ. 2009ರ ಪ್ರಾಯೋಜಕತ್ವ ಕಾನೂನಿನ ಜಾಗಕ್ಕೆ ಬಂದ 2015ರ 21ನೇ ಕಾನೂನು 2016ರ ಡಿಸೆಂಬರಿನಲ್ಲಿ ಜಾರಿಯಾಯಿತು. ಯಾವ ಉದ್ದೇಶಕ್ಕೆ ಒಳಗೆ ಬಿಟ್ಟರೋ ಅದನ್ನು ಮೀರುವಂತಿಲ್ಲ ಎಂಬ ಷರತ್ತು ಅದರಲ್ಲಿ ಉಳಿದುಕೊಂಡಿತು. ಅಲ್ಲೇ ನೆಲೆಸಿ, ಹಗಲು ಸ್ಥಾವರದಲ್ಲಿ ದುಡಿದು ರಜೆಯ ದಿನ ಗೆಜ್ಜೆ ಕಟ್ಟುವವರ ಪಾಡು ಬೇರೆ. ಮಸ್ಕತ್‌ನಲ್ಲೋ ಬಹ್ರೇನ್‌ನಲ್ಲೋ ಕಾರ್ಯಕ್ರಮವಿದ್ದರೆ ದೇಶ ದಾಟಲು ಮಾಲೀಕನ ಒಪ್ಪಿಗೆ ಬೇಕಿತ್ತು. ಬಹುತೇಕ ಕಾರ್ಮಿಕರಿಗೆ ಆ ಎಕ್ಸಿಟ್ ಪರ್ಮಿಟ್ ತಪ್ಪಿದ್ದು 2018ರ ಅಕ್ಟೋಬರಿನಲ್ಲಿ.

ಈ ನಡುವೆ, 2017ರ ಆಗಸ್ಟ್‌ನಲ್ಲಿ ಕತಾರ್ ಭಾರತವೂ ಸೇರಿ 80 ದೇಶದವರಿಗೆ ಮುಂಗಡ ವೀಸಾ ಇಲ್ಲದೆ ಬಾಗಿಲು ತೆರೆಯಿತು. ಭಾರತೀಯರಿಗೆ 30 ದಿನ. ಆಗ ಆರು ತಿಂಗಳು ಅವಧಿಯಿರುವ ಪಾಸ್‌ಪೋರ್ಟ್, ವಾಪಸ್ ಟಿಕೆಟ್ ಇದ್ದರೆ ಸಾಕಿತ್ತು. ಆಮಿಷ ಹುಟ್ಟಿದ್ದು ಇಲ್ಲೇ: ಪ್ರವಾಸಿಯೆಂದು ಬಂದು, ರಂಗ ಹತ್ತಿ, ಕವರ್ ತೆಗೆದುಕೊಂಡು ಹೋಗುವುದು. ಪ್ರವಾಸಿ ವೀಸಾ ದುಡಿಮೆಗಲ್ಲ.

ಉದ್ಯೋಗದ ವೀಸಾದ ದಾರಿ ಕರಾವಳಿಯವರಿಗೆ ಸುತ್ತಿನದು. ವೈದ್ಯಕೀಯ ತಪಾಸಣೆ, ಬೆರಳಚ್ಚು, ಒಪ್ಪಂದದ ಸಹಿ ಎಲ್ಲ ಒಂದೇ ಕಡೆ ಮುಗಿಸುವ ಕತಾರ್ ವೀಸಾ ಕೇಂದ್ರಗಳು ಭಾರತದ ಏಳು ನಗರಗಳಲ್ಲಿ ಶುರುವಾದಾಗ ಮಂಗಳೂರೂ ಇರಲಿಲ್ಲ, ಬೆಂಗಳೂರೂ ಇರಲಿಲ್ಲ. ಕೊಚ್ಚಿಗೋ ಮುಂಬೈಗೋ ಹೋಗಬೇಕಾಯಿತು.

ಹೊರದೇಶಕ್ಕೆ ಕಲಾವಿದರನ್ನು ಕರೆಸುವ ಸಂಘಗಳವರೇ, ಸಭಾಂಗಣ ಗೊತ್ತುಮಾಡುವ ಮೊದಲು ಅವರ ಸಂಭಾವನೆಯನ್ನು ಕಾಗದದಲ್ಲಿ ಬರೆಯಿರಿ, ಅದಕ್ಕೆ ಹೊಂದುವ ವೀಸಾವನ್ನೇ ಕೇಳಿ.